ರಾಜಘಟ್ಟದ ನಾಲ್ಕೂವರೆ ಗಂಟೆ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟು ಯಲಹಂಕ, ರಾಜಾನುಕುಂಟೆಗಳನ್ನು ದಾಟಿ ದೊಡ್ಡಬಳ್ಳಾಪುರವನ್ನು ಸೇರುವ ಪ್ರಯಾಣಿಕನಿಗೆ ಊರು ಕಣ್ಣಿಗೆ ಬೀಳುವುದಕ್ಕಿಂತ ಮೊದಲು ಕಿವಿಗೆ ಬೀಳುತ್ತದೆ. ಅದು ಮಗ್ಗದ ಸದ್ದು. ಬೀದಿಬೀದಿಯಲ್ಲಿ, ಮನೆಯ ಹಜಾರದಲ್ಲೋ ಹಿತ್ತಿಲ ಕೊಠಡಿಯಲ್ಲೋ, ವಿದ್ಯುತ್ ಮಗ್ಗಗಳು ಒಂದೇ ಲಯದಲ್ಲಿ ಸೀರೆ ನೇಯುತ್ತಿರುತ್ತವೆ. ಹೊಸಬನಿಗೆ ಗದ್ದಲವೆನಿಸುವ ಈ ಸದ್ದು ಊರಿನವರಿಗೆ ನಿದ್ದೆಯಲ್ಲಿಯೂ ಬೇಕಾದ ಜೋಗುಳ. ವಿದ್ಯುತ್ತು ಹೋಗಿ ಮಗ್ಗ ನಿಂತಾಗಲೇ ಅವರು ಬೆಚ್ಚಿ ತಲೆಯೆತ್ತುವುದು.

ಪಟ್ಟಣದ ಅಂಚು ದಾಟಿದೊಡನೆ ಸದ್ದು ಹಿಂದುಳಿದು ಬಯಲು ತೆರೆದುಕೊಳ್ಳುತ್ತದೆ. ಕೆಂಪು ಮಣ್ಣಿನ ಹೊಲಗಳು, ರಾಗಿ, ಮುಸುಕಿನ ಜೋಳ, ಅಲ್ಲಲ್ಲಿ ಚಪ್ಪರ ಹಬ್ಬಿದ ದ್ರಾಕ್ಷಿಯ ತೋಟ, ಮಳೆಯನ್ನು ಕಾಯುತ್ತ ಮಲಗಿರುವ ಕೆರೆಗಳು. ದೂರದಲ್ಲಿ, ಅರ್ಕಾವತಿಗೆ ಜನ್ಮವಿತ್ತ ನಂದಿಬೆಟ್ಟದ ನೀಲಿಯ ಗೆರೆ. ಈ ಬಯಲಿನ ನಡುವೆ, ದೊಡ್ಡಬಳ್ಳಾಪುರದಿಂದ ಅನತಿದೂರದಲ್ಲಿ, ರಾಜಘಟ್ಟವೆಂಬ ಹಳ್ಳಿಯಿದೆ. ಹೆಸರಿನಲ್ಲಿ ರಾಜನಿದ್ದರೂ ಊರಿಗೆ ಅರಮನೆಯ ಗತ್ತಿಲ್ಲ. ಹಸು ಕಟ್ಟಿದ ಅಂಗಳಗಳು, ಆಂಜನೇಯನ ಗುಡಿ, ಅರಳಿಯ ಕಟ್ಟೆ, ಹಾಲಿನ ಡೈರಿ—ಮೈಸೂರು ಸೀಮೆಯ ಯಾವ ಹಳ್ಳಿಯಲ್ಲಿಯೂ ಕಾಣಬಹುದಾದ ಸಂಸಾರವೇ ಇಲ್ಲಿಯೂ ಕಾಣುವುದು.

ಆದರೂ ರಾಜಘಟ್ಟದ ಹೆಸರು ವಿದ್ವಾಂಸರ ಗ್ರಂಥಗಳನ್ನು ಸೇರಿದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗದ ಪ್ರಾಧ್ಯಾಪಕ ಎಂ. ಎಸ್. ಕೃಷ್ಣಮೂರ್ತಿಯವರು ೨೦೦೧ರಲ್ಲಿಯೂ ಅನಂತರ ೨೦೦೪ರಲ್ಲಿಯೂ ಇಲ್ಲಿ ಉತ್ಖನನ ನಡೆಸಿದಾಗ, ಮಣ್ಣಿನ ಕೆಳಗೆ ಇಟ್ಟಿಗೆಯಿಂದ ಕಟ್ಟಿದ ಬೌದ್ಧ ಚೈತ್ಯವೊಂದರ ಮತ್ತು ಭಿಕ್ಷುಗಳು ವಾಸಿಸುತ್ತಿದ್ದ ವಿಹಾರವೊಂದರ ಅವಶೇಷಗಳು ಬೆಳಕಿಗೆ ಬಂದವು. ಗಂಗರು ಈ ನಾಡನ್ನಾಳುತ್ತಿದ್ದ ದಿನಗಳಲ್ಲಿ ಬುದ್ಧನ ಅನುಯಾಯಿಗಳೂ ಇಲ್ಲಿ ನೆಲೆಗೊಂಡಿದ್ದರೆಂಬುದಕ್ಕೆ ಅದು ಸಾಕ್ಷಿಯಾಯಿತು. ಅದಕ್ಕಿಂತಲೂ ಮನಸ್ಸನ್ನು ಸೆಳೆಯುವುದು ಅಲ್ಲಿ ರಾಶಿರಾಶಿಯಾಗಿ ದೊರೆತ ಮಣ್ಣಿನ ಪುಟ್ಟ ಸ್ತೂಪಗಳು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. ಅವುಗಳ ಒಡಲಲ್ಲಿ ಮುದ್ರೆಯೊತ್ತಿದ ಮಣ್ಣಿನ ಬಿಲ್ಲೆ; ಬಿಲ್ಲೆಯ ಮೇಲೆ, ಲೋಕದಲ್ಲಿ ಎಲ್ಲಕ್ಕೂ ಒಂದು ಕಾರಣವುಂಟೆಂಬ ಬೌದ್ಧ ತತ್ತ್ವವನ್ನು ಸಾರುವ ಸಣ್ಣಕ್ಷರಗಳು. ಯಾರೋ ಭಕ್ತರು ಯಾವುದೋ ಹರಕೆಗೆಂದು ಒಂದೊಂದಾಗಿ ತಂದಿರಿಸಿ ಹೋದ ಕಾಣಿಕೆಗಳಿವು. ರಾಜರ ಶಾಸನದಲ್ಲಿ ರಾಜನ ಹೆಸರಿರುತ್ತದೆ. ಈ ಸ್ತೂಪಗಳಲ್ಲಿ ಕೊಟ್ಟವರ ಹೆಸರಿಲ್ಲ. ಕೊಟ್ಟ ಕೈಯ ನಿಯಮ ಮಾತ್ರ ಉಳಿದಿದೆ.

ಇದು ರಾಜಘಟ್ಟದ ನೆಲದೊಳಗಿನ ನೆನಪು. ಮನೆಯೊಳಗಿನ ನೆನಪು ಬೇರೊಂದುಂಟು. ಅದಕ್ಕೆ ವಯಸ್ಸು ಹೆಚ್ಚಿಲ್ಲ. ಮೂರು ದಶಕವನ್ನೂ ಅದು ಮುಟ್ಟಿಲ್ಲ. ಅದನ್ನು ಅಗೆದು ತೆಗೆಯಲು ಗುದ್ದಲಿಯೂ ಬೇಡ. ಈ ಸೀಮೆಯ ಯಾವ ಹಳ್ಳಿಯಲ್ಲಾದರೂ ಐವತ್ತು ದಾಟಿದ ಗೃಹಿಣಿಯರ ಮುಂದೆ ‘ಮಾಯಾಮೃಗ’ ಎಂಬ ಹೆಸರನ್ನೆತ್ತಿದರೆ ಸಾಕು. ಮುಖವರಳುತ್ತದೆ, ಶೀರ್ಷಿಕೆ ಗೀತೆಯ ಧಾಟಿ ತುಟಿಯ ಮೇಲೆ ಬರುತ್ತದೆ, ಮರುಕ್ಷಣವೇ ಹೊತ್ತಿನ ಮಾತು ಬರುತ್ತದೆ: ಅಪರಾಹ್ನದ ನಾಲ್ಕೂವರೆ ಗಂಟೆ.

ಆ ಹೊತ್ತು ಯಾರದು?

ಹಳ್ಳಿಯ ಹೆಂಗಸಿನ ದಿನಚರಿಯನ್ನು ಬಲ್ಲವರಿಗೆ ನಾಲ್ಕೂವರೆ ಗಂಟೆಯ ಬೆಲೆ ತಿಳಿಯುತ್ತದೆ. ಕೋಳಿ ಕೂಗುವ ಮುನ್ನ ಎದ್ದು ಕೊಟ್ಟಿಗೆ ಬಳಿದು, ಹಾಲು ಕರೆದು ಡೈರಿಗೆ ಕಳುಹಿಸಿ, ಮುದ್ದೆ ತೊಳಸಿ, ಹೊಲಕ್ಕೆ ಬುತ್ತಿ ಕಟ್ಟಿ, ಪಾತ್ರೆ ಬಟ್ಟೆಗಳನ್ನು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಸಂಜೆಯ ಹಾಲಿನ ಹೊತ್ತಿಗೆ ಮತ್ತೆ ಕೊಟ್ಟಿಗೆ ಕರೆಯುತ್ತದೆ. ದೀಪ ಹಚ್ಚಿದ ಮೇಲೆ ಒಲೆ ಕರೆಯುತ್ತದೆ. ಇವೆರಡರ ನಡುವೆ ಯಾರ ಕರೆಯೂ ಇಲ್ಲದ ಒಂದು ಸಂದು ದೊರೆಯುತ್ತಿತ್ತು. ಗಂಡಸರು ಹೊಲದಲ್ಲಿ, ಇಲ್ಲವೆ ಪೇಟೆಯಲ್ಲಿ. ಮಕ್ಕಳು ಶಾಲೆಯಿಂದ ಬರುವ ದಾರಿಯಲ್ಲಿ. ನೇಕಾರರ ಮನೆಗಳಲ್ಲಿಯೂ ಕಂಡಿಗೆ ಸುತ್ತುವ ಕೈಗೆ ಆಗೊಂದು ಬಿಡುವು. ಆ ಸಂದಿನಲ್ಲಿಯೇ ಬೆಂಗಳೂರು ದೂರದರ್ಶನ ೧೯೯೮ರಲ್ಲಿ ‘ಮಾಯಾಮೃಗ’ವನ್ನು ಪ್ರಸಾರ ಮಾಡತೊಡಗಿತು.

ಆಗ ಹಳ್ಳಿಯಲ್ಲಿ ಎಲ್ಲರ ಮನೆಯಲ್ಲಿಯೂ ಟೀವಿ ಇರಲಿಲ್ಲ. ಕೇಬಲ್ಲಿನ ತಂತಿ ಪೇಟೆಯ ಬೀದಿಗಳನ್ನು ಸುತ್ತುತ್ತಿತ್ತೇ ಹೊರತು ಹೊಲ ದಾಟಿ ಬಂದುದು ಕಡಿಮೆ. ಹೆಂಚಿನ ಮೇಲೆ ನಿಲ್ಲಿಸಿದ ಅಲ್ಯುಮಿನಿಯಮ್ಮಿನ ಆಂಟೆನಾಕ್ಕೆ ಸಿಗುವುದು ದೂರದರ್ಶನವೊಂದೇ. ಆದ್ದರಿಂದ ಟೀವಿ ಇದ್ದ ಮನೆಯ ನಡುಮನೆ ಆ ಅರ್ಧ ಗಂಟೆಯ ಮಟ್ಟಿಗೆ ಕೇರಿಯ ನಡುಮನೆಯಾಗುತ್ತಿತ್ತು. ಒಬ್ಬಾಕೆ ಹೂ ಕಟ್ಟುತ್ತ ಬಂದರೆ, ಇನ್ನೊಬ್ಬಾಕೆ ಅವರೆಕಾಯಿ ಸುಲಿಯುತ್ತ ಬರುವಳು. ಮಳೆಗಾಳಿಗೆ ಚಿತ್ರ ಕದಡಿದರೆ ಹುಡುಗನೊಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವನು, ‘ಬಂತಾ?’ ಎಂದು ಮೇಲಿನಿಂದ ಕೂಗು, ‘ಇನ್ನೊಸಿ ಆ ಕಡೆಗೆ!’ ಎಂದು ಕೆಳಗಿನಿಂದ ಉತ್ತರ. ವಿದ್ಯುತ್ತು ಕೈಕೊಟ್ಟ ದಿನ ಪೇಟೆಯ ಮಗ್ಗವೂ ಹಳ್ಳಿಯ ಕಥೆಯೂ ಒಟ್ಟಿಗೇ ನಿಲ್ಲುತ್ತಿದ್ದವು. ಅಂಥ ದಿನ ಬೇರೂರಿನ ನೆಂಟರಲ್ಲೋ ಪೇಟೆಗೆ ಹೋಗಿಬಂದವರಲ್ಲೋ ಕಥೆಯನ್ನು ಕೇಳಿ ತಿಳಿಯಬೇಕು. ಹೇಳುವವರು ಚತುರರಾದರೆ, ಕಂಡ ಕಥೆಗಿಂತ ಕೇಳಿದ ಕಥೆಯೇ ರುಚಿಯಾಗುವುದೂ ಉಂಟು.

ಸಾಬೂನಿನಿಂದ ಹುಟ್ಟಿದ ಕಥೆ

ಹಗಲಿನ ಬಿಡುವಿಗೆ ಕಥೆ ಹೊಂದಿಸುವ ಈ ಉಪಾಯ ಮೊದಲು ಹೊಳೆದದ್ದು ಅಮೆರಿಕೆಯಲ್ಲಿ. ೧೯೩೦ರಲ್ಲಿ ಷಿಕಾಗೊ ನಗರದ ರೇಡಿಯೊ ನಿಲಯವೊಂದಕ್ಕೆ ಇರ್ನಾ ಫಿಲಿಪ್ಸ್ ಎಂಬ ಲೇಖಕಿ ‘ಪೇಂಟೆಡ್ ಡ್ರೀಮ್ಸ್’ ಎಂಬ ದೈನಿಕ ಧಾರಾವಾಹಿಯನ್ನು ಬರೆದರು. ಕೇಳುವವರು ಮನೆಯಲ್ಲಿರುವ ಗೃಹಿಣಿಯರೆಂದ ಮೇಲೆ, ಅವರಿಗೆ ಮಾರಬೇಕಾದ ಸರಕೂ ಮನೆಬಳಕೆಯದೇ ಅಲ್ಲವೆ? ಪ್ರಾಕ್ಟರ್ ಅಂಡ್ ಗ್ಯಾಂಬಲ್ ಮೊದಲಾದ ಸಾಬೂನು ತಯಾರಕರು ಇಂಥ ಕಥೆಗಳ ಖರ್ಚು ವಹಿಸಿಕೊಂಡರು. ಅಲ್ಲಿಯ ಪತ್ರಿಕೆಗಳು ಇವನ್ನು ನಗೆಯಾಡಿ ‘ಸೋಪ್ ಆಪೆರಾ’ ಎಂದವು. ನಗೆಗಾಗಿ ಇಟ್ಟ ಹೆಸರೇ ಖಾಯಮ್ಮಾಯಿತು.

ಆಕೆಯೇ ರೂಪಿಸಿದ ‘ಗೈಡಿಂಗ್ ಲೈಟ್’ ೧೯೩೭ರಲ್ಲಿ ರೇಡಿಯೊದಲ್ಲಿ ಆರಂಭವಾಗಿ, ೧೯೫೨ರಲ್ಲಿ ಟೆಲಿವಿಷನ್ನಿಗೆ ಬಂದು, ೨೦೦೯ರ ಸೆಪ್ಟೆಂಬರಿನವರೆಗೆ ನಡೆಯಿತು. ಎಪ್ಪತ್ತೆರಡು ವರ್ಷ! ಅಜ್ಜಿ ಕೇಳಿದ ಕಥೆಯನ್ನು ತಾಯಿ ನೋಡಿದಳು. ತಾಯಿ ನೋಡಿದ ಕಥೆಯನ್ನು ಮಗಳು ಮುಂದುವರಿಸಿದಳು. ೧೯೫೬ರಲ್ಲಿ ಮೊದಲಾದ ‘ಆಸ್ ದಿ ವರ್ಲ್ಡ್ ಟರ್ನ್ಸ್’ ೨೦೧೦ರಲ್ಲಿ ನಿಂತಿತು. ಹೆಂಗಸರು ಕಚೇರಿ ಕಾರ್ಖಾನೆಗಳಿಗೆ ಹೊರಟ ಮೇಲೆ ಮಧ್ಯಾಹ್ನದ ಮನೆಗಳು ಬರಿದಾಗುತ್ತ ಬಂದದ್ದು ಆ ಕಥೆಗಳು ಸೊರಗಿದ್ದಕ್ಕೆ ಒಂದು ಕಾರಣ. ಇಂದಿಗೂ ಆ ದೇಶದ ಮುದುಕಿಯರು ಅವನ್ನು ನೆನೆಯುವಾಗ ಕಥೆಗಿಂತ ಹೆಚ್ಚಾಗಿ ನೆನೆಯುವುದು ಅಮ್ಮನ ಇಸ್ತ್ರಿಯ ಮೇಜನ್ನು, ಪಕ್ಕದಲ್ಲಿ ಕೂತು ನೋಡಿದ ಬೇಸಗೆಯ ರಜೆಯನ್ನು. ಷಿಕಾಗೊಗೂ ರಾಜಘಟ್ಟಕ್ಕೂ ಸಾಗರಗಳ ಅಂತರವಿದ್ದರೂ ಈ ನೆನಪಿನ ಬಗೆ ಒಂದೇ.

ಕನ್ನಡಿಗರಿಗೆ ‘ಮುಂದುವರಿಯುವುದು’ ಎಂಬ ಮಾತೇನೂ ಹೊಸದಲ್ಲ. ಟೀವಿ ಬರುವುದಕ್ಕಿಂತ ಬಹಳ ಮೊದಲೇ ವಾರಪತ್ರಿಕೆಗಳು ಆ ಚಟವನ್ನು ಹತ್ತಿಸಿದ್ದವು. ‘ಪ್ರಜಾಮತ’, ೧೯೬೫ರಲ್ಲಿ ಹುಟ್ಟಿದ ‘ಸುಧಾ’, ೧೯೮೩ರಲ್ಲಿ ಬಂದ ‘ತರಂಗ’ ಮುಂತಾದವು ಮನೆಗೆ ಬಂದೊಡನೆ ಧಾರಾವಾಹಿಯ ಪುಟವನ್ನು ಮೊದಲು ಯಾರು ಓದಬೇಕೆಂಬ ಜಗಳವಾಗದ ಮನೆ ಅಪರೂಪ. ಆ ಪುಟಗಳನ್ನು ಬಿಡಿಸಿ ಹೊಲಿದು ಪುಸ್ತಕವಾಗಿಸಿಕೊಂಡ ಗೃಹಿಣಿಯರು ಎಷ್ಟೋ ಮಂದಿ.

೧೯೮೧ರಲ್ಲಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂತು. ೧೯೮೪ರಲ್ಲಿ ದೆಹಲಿಯಿಂದ ‘ಹಮ್ ಲೋಗ್’ ಬಂದು, ಮಧ್ಯಮವರ್ಗದ ಸಂಸಾರವೊಂದರ ಕಷ್ಟಸುಖ ದೇಶಕ್ಕೆಲ್ಲ ಮನೆಮಾತಾಯಿತು. ಕನ್ನಡದಲ್ಲಿ ‘ಸಿಹಿಕಹಿ’ ಎಷ್ಟು ಜನಪ್ರಿಯವಾಯಿತೆಂದರೆ, ಅದರ ನಟನಟಿಯರಾದ ಚಂದ್ರು ಮತ್ತು ಗೀತಾ ದಂಪತಿಗಳ ಹೆಸರಿಗೆ ಅದು ಮನೆತನದ ಹೆಸರಿನಂತೆ ಅಂಟಿಕೊಂಡಿತು. ಸದಾನಂದ ಸುವರ್ಣರ ‘ಗುಡ್ಡದ ಭೂತ’ ಮಕ್ಕಳನ್ನು ಹೆದರಿಸಿ ದೊಡ್ಡವರನ್ನೂ ಹಿಡಿದು ಕೂರಿಸಿತು. ಆದರೆ ಹಗಲಿನ ಹೊತ್ತನ್ನು ತನ್ನದಾಗಿಸಿಕೊಂಡು, ದಿನದ ಊಟದಂತೆ ಮನೆಯ ನಿಯಮವನ್ನೇ ಹೊಸದಾಗಿ ಕಟ್ಟಿದ ಕನ್ನಡದ ಕಥೆಗಳಲ್ಲಿ ‘ಮಾಯಾಮೃಗ’ಕ್ಕೆ ಅಗ್ರಸ್ಥಾನ.

ನೆರೆಹೊರೆಯ ಮಾತು

ಈ ಕಥೆ ದೊಡ್ಡಬಳ್ಳಾಪುರದ ಸೀಮೆಗೆ ಇಷ್ಟು ಹತ್ತಿರವಾದದ್ದಕ್ಕೆ ಕಾರಣವುಂಟು. ಅದನ್ನು ರೂಪಿಸಿದ ಟಿ. ಎನ್. ಸೀತಾರಾಂ ಹುಟ್ಟಿದ್ದು ೧೯೪೮ರಲ್ಲಿ, ಇದೇ ದೊಡ್ಡಬಳ್ಳಾಪುರದಲ್ಲಿ. ನ್ಯಾಯಶಾಸ್ತ್ರ ಓದಿ ಕರಿಕೋಟು ತೊಟ್ಟವರು. ‘ಆಸ್ಫೋಟ’, ‘ನಮ್ಮೊಳಗೊಬ್ಬ ನಾಜೂಕಯ್ಯ’ ನಾಟಕಗಳ ಮೂಲಕ ರಂಗಭೂಮಿಯಲ್ಲಿ ಹೆಸರು ಪಡೆದವರು. ‘ಮಾಯಾಮೃಗ’ದ ನಿರ್ದೇಶನದಲ್ಲಿ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರಿಗೆ ಜೊತೆಯಾದರು. ಶೀರ್ಷಿಕೆ ಗೀತೆಯನ್ನು ಬರೆದ ಕವಿ ಬಿ. ಆರ್. ಲಕ್ಷ್ಮಣರಾವ್ ಬಾಳಿದ್ದು, ನಂದಿಬೆಟ್ಟದ ಆಚೆಗಿರುವ ಚಿಂತಾಮಣಿಯಲ್ಲಿ. ರಾಗ ಕೊಟ್ಟವರು ಸಿ. ಅಶ್ವತ್ಥ್. ಆ ಹಾಡಿನ ಮೊದಲ ಎಳೆ ಕಿವಿಗೆ ಬಿದ್ದೊಡನೆ ಬಾವಿಕಟ್ಟೆಯಲ್ಲಿದ್ದವರು ಬಿಂದಿಗೆಯನ್ನು ಅಲ್ಲಿಯೇ ಇಳಿಸಿ ಓಡುತ್ತಿದ್ದರೆಂಬುದು ಇಂದಿಗೂ ನಗುತ್ತ ಹೇಳುವ ಮಾತು.

ಹೆಸರೇ ಕಥೆಯನ್ನು ಅರ್ಧ ಹೇಳುತ್ತಿತ್ತು. ರಾಮಾಯಣದ ಹೊನ್ನಿನ ಜಿಂಕೆಯ ಬೆನ್ನು ಹತ್ತಿದವರಿಗೆ ಏನಾಯಿತೆಂಬುದನ್ನು ಬಲ್ಲದ ಮನೆ ಈ ನಾಡಿನಲ್ಲಿಲ್ಲ. ಅದೇ ಜಿಂಕೆ ಈಗ ಮಧ್ಯಮವರ್ಗದವರ ಅಂಗಳದಲ್ಲಿ ಸುಳಿಯುತ್ತಿತ್ತು—ನೌಕರಿಯಾಗಿ, ಹಣವಾಗಿ, ಪ್ರೀತಿಯಾಗಿ. ಅಲ್ಲಿಯ ಪಾತ್ರಗಳು ಜರಿಸೀರೆಯುಟ್ಟು ಮಲಗುವವರಲ್ಲ. ಕೂಗಾಡಿ ಸಂಚು ಹೂಡುವ ಅತ್ತೆಯರೂ ಅಲ್ಲ. ಅವರು ಬಸ್ಸಿಗೆ ಕಾಯುವವರು, ತಿಂಗಳ ಕೊನೆಗೆ ಲೆಕ್ಕ ಹಾಕುವವರು, ಮಾತನ್ನು ನುಂಗಿಕೊಂಡು ಕಾಫಿ ಸೋಸುವವರು. ಮಾಳವಿಕಾರಂಥ ಕಲಾವಿದೆಯರನ್ನು ನಾಡಿನ ಮನೆಮನೆಗೆ ಪರಿಚಯಿಸಿದ್ದು ಈ ಕಥೆ. ಮುಂದೆ ಸೀತಾರಾಂ ಅವರ ಧಾರಾವಾಹಿಗಳ ಗುರುತೇ ಆದ ನ್ಯಾಯಾಲಯದ ದೃಶ್ಯಗಳನ್ನು, ಅವುಗಳಲ್ಲಿ ಸ್ವತಃ ಅವರೇ ವಕೀಲರಾಗಿ ನಿಂತು ಮಾಡುವ ಪಾಟೀಸವಾಲನ್ನು, ಈ ಸೀಮೆಯ ಜನ ತಮ್ಮ ತಾಲ್ಲೂಕು ಕಚೇರಿಯ ಮರದಡಿಯಲ್ಲಿ ಕೇಳಿದ ವ್ಯಾಜ್ಯದಂತೆಯೇ ಕಿವಿಗೊಟ್ಟು ಕೇಳಿದರು. ನೆಲದ ಪಾಲು, ಸಾಲದ ಪತ್ರ, ಸಾಕ್ಷಿಯ ಸುಳ್ಳು—ಯಾವುದನ್ನೂ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಪ್ರಶ್ನೆಯುಂಟು. ಓದಿದ ಹೆಣ್ಣುಮಗಳು ತನ್ನ ಕಾಲಮೇಲೆ ನಿಲ್ಲಬಾರದೇಕೆ? ತನಗೆ ಬೇಕಾದುದನ್ನು ತಾನೇ ಹೇಳಬಾರದೇಕೆ? ನಡುಮನೆಯ ಚಾಪೆಯ ಮೇಲೆ ಕೂತ ತಾಯಂದಿರು ಈ ಪ್ರಶ್ನೆಯನ್ನು ದಿನವೂ ಕೇಳಿಸಿಕೊಂಡರು. ಪಕ್ಕದಲ್ಲಿ ಪಾಟಿಚೀಲ ಇಳಿಸಿ ಕೂತ ಹೆಣ್ಣುಮಕ್ಕಳೂ ಕೇಳಿಸಿಕೊಂಡರು. ತಾಯಂದಿರ ಪಾಲಿಗೆ ಅದು ಕಥೆ. ಮಕ್ಕಳು ಅದನ್ನು ಎಲ್ಲಿಯವರೆಗೆ ಕೊಂಡೊಯ್ಯುವರೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ.

ಹೊತ್ತು ಜಾರಿದ ಬಗೆ

೨೦೦೦ದ ಡಿಸೆಂಬರಿನಲ್ಲಿ ‘ಈಟೀವಿ ಕನ್ನಡ’ ವಾಹಿನಿ ಆರಂಭವಾಯಿತು. ೨೦೧೫ರಲ್ಲಿ ಅದು ‘ಕಲರ್ಸ್ ಕನ್ನಡ’ವೆಂಬ ಹೆಸರು ತಳೆಯಿತು. ಸೀತಾರಾಂ ಅವರ ‘ಮನ್ವಂತರ’, ‘ಮುಕ್ತ’ಗಳೂ, ವೈಶಾಲಿ ಕಾಸರವಳ್ಳಿಯವರ ‘ಮೂಡಲಮನೆ’ಯೂ, ಗಿರೀಶ ಕಾಸರವಳ್ಳಿಯವರು ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನಾಧರಿಸಿ ಮಾಡಿದ ‘ಗೃಹಭಂಗ’ವೂ ಆ ವಾಹಿನಿಯಲ್ಲಿ ಬಂದು ಕನ್ನಡ ಧಾರಾವಾಹಿಯ ಮಾನವನ್ನು ಎತ್ತರಿಸಿದವು. ಕಥೆಗಳು ದೀಪ ಹಚ್ಚಿದ ಮೇಲಿನ ಹೊತ್ತಿಗೆ ಸರಿದವು. ಮನೆಮಂದಿಯೆಲ್ಲ ಕೂತು ನೋಡುವಂತಾದುದು ನಿಜ. ಆದರೆ ಹೆಂಗಸಿಗೆ ಆ ಹೊತ್ತಿನಲ್ಲಿ ಒಲೆಯ ಮುಂದೆಯೇ ಕೆಲಸ. ಅಡಿಗೆಮನೆಯ ಬಾಗಿಲಿನಿಂದ ಕತ್ತು ಚಾಚಿ ನೋಡಬೇಕಾದ ಕಥೆ ಅದಾಯಿತು. ಕಥೆ ಎಲ್ಲರದಾಯಿತು, ಆದರೆ ಆಕೆಯೊಬ್ಬಳದೇ ಆಗಿದ್ದ ಹೊತ್ತು ಅದರಲ್ಲಿ ಕರಗಿಹೋಯಿತು.

ಅಷ್ಟರಲ್ಲಿ ಸೀಮೆಯ ಚಹರೆಯೂ ಬದಲಾಗುತ್ತಿತ್ತು. ೨೦೦೮ರ ಮೇ ತಿಂಗಳಲ್ಲಿ ನೆರೆಯ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ರಾಗಿಯ ಹೊಲಗಳಿಗೆ ಅಳತೆಕಲ್ಲುಗಳು ಬಂದವು. ಬಡಾವಣೆಗಳ ಕಮಾನುಗಳು ಎದ್ದವು. ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶವೂ ಸಿದ್ಧ ಉಡುಪಿನ ಅಪರೆಲ್ ಪಾರ್ಕೂ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕರೆದವು. ಬೆಳಗಾಗುತ್ತಲೇ ಊಟದ ಡಬ್ಬಿ ಹಿಡಿದು ವ್ಯಾನುಗಳಿಗೆ ಕಾದು ನಿಲ್ಲುವ ಯುವತಿಯರ ಸಾಲನ್ನು ಈ ರಸ್ತೆಗಳಲ್ಲಿ ಇಂದು ಯಾರೂ ಕಾಣಬಹುದು. ನಾಲ್ಕೂವರೆ ಗಂಟೆಗೆ ಅವರು ಹೊಲಿಗೆಯಂತ್ರದ ಮುಂದೆ ಇರುತ್ತಾರೆ. ಅಮೆರಿಕೆಯ ಮನೆಗಳಲ್ಲಿ ಆದುದೇ ತಡವಾಗಿ ಇಲ್ಲಿಯೂ ಆಯಿತು.

ಇದನ್ನು ನಷ್ಟವೆನ್ನಬೇಕೆ, ಲಾಭವೆನ್ನಬೇಕೆ? ಹಳೆಯ ಕಥೆಯನ್ನು ನೆನೆದು ನಿಟ್ಟುಸಿರು ಬಿಡುವವರು ಇಲ್ಲಿ ಒಂದು ಕ್ಷಣ ತಡೆಯಬೇಕು. ಚಾಪೆಯ ಮೇಲೆ ಕೂತು ಬೆಳೆದ ಹುಡುಗಿ ತನ್ನ ದುಡಿಮೆಯ ಹಣವನ್ನು ತನ್ನ ಹೆಸರಿನ ಬ್ಯಾಂಕು ಪುಸ್ತಕದಲ್ಲಿ ಕಾಣುವಳಾದರೆ, ಆ ಧಾರಾವಾಹಿಯ ನಾಯಕಿ ಬೇಡಿದ್ದೂ ಅದನ್ನೇ. ಕಥೆಯ ಹಾರೈಕೆ ಫಲಿಸಿದ್ದರಿಂದಲೇ ಕಥೆ ನೋಡುವ ನಡುಮನೆ ಖಾಲಿಯಾಯಿತು. ಆದರೆ ದುಡಿಮೆ ದೊರೆತವಳಿಗೆ ಬಿಡುವು ದೊರೆತಿದೆಯೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಕಾರ್ಖಾನೆಯಿಂದ ಬಂದವಳನ್ನು ಕಾಯುತ್ತಿರುವುದು ಅದೇ ಒಲೆ, ಅದೇ ಕೊಟ್ಟಿಗೆ. ತಾಯಿಗಿದ್ದ ಅರ್ಧ ಗಂಟೆ ಮಗಳಿಗಿಲ್ಲ. ಅವಳು ಕಥೆ ನೋಡುವುದು ವ್ಯಾನಿನ ಕಿಟಕಿಗೆ ತಲೆಯಾನಿಸಿ, ಕೈಯಲ್ಲಿಯ ಮೊಬೈಲಿನ ಪುಟ್ಟ ಗಾಜಿನಲ್ಲಿ. ಅದೂ ನಿದ್ದೆ ಬಾರದಿದ್ದರೆ. ಪಕ್ಕದ ಸೀಟಿನವಳು ನೋಡುತ್ತಿರುವುದು ಬೇರೆಯೇ ಕಥೆ.

ಹಳೆಯ ಕಥೆ ಸಿಗದೆಂದಲ್ಲ. ಬೇಕಾದವರು ಅದರ ಕಂತುಗಳನ್ನು ಯೂಟ್ಯೂಬಿನಲ್ಲಿ ಹುಡುಕಿ ನೋಡಬಹುದು. ೨೦೨೨ರಲ್ಲಿ ‘ಮತ್ತೆ ಮಾಯಾಮೃಗ’ ಎಂಬ ಮುಂದುವರಿದ ಕಥೆಯೇ ‘ಸಿರಿ ಕನ್ನಡ’ ವಾಹಿನಿಯಲ್ಲಿ ಬಂತು. ಕಾಲು ಶತಮಾನದಲ್ಲಿ ನರೆಗೂದಲಾದ ಪಾತ್ರಗಳನ್ನು, ತಾವೂ ನರೆಗೂದಲಾದ ಪ್ರೇಕ್ಷಕರು ಎದುರುಗೊಂಡರು. ಆದರೆ ಬಿಂದಿಗೆ ಇಳಿಸಿ ಓಡಿಬರುವ ಅವಸರ ಆಗ ಇರಲಿಲ್ಲ. ಯಾವಾಗ ಬೇಕಾದರೂ ನೋಡಬಹುದಾದ ಕಥೆಗೆ ಯಾರೂ ಓಡುವುದಿಲ್ಲ. ಯಾರೂ ಇನ್ನೊಬ್ಬರಿಗಾಗಿ ಜಾಗ ಹಿಡಿದಿಡುವುದೂ ಇಲ್ಲ. ಉಳಿದು ಬಂದುದು ಕಥೆ. ಉಳಿಯದೆ ಹೋದದ್ದು, ಹತ್ತು ಮನೆಯವರು ಒಂದೇ ಹೊತ್ತಿಗೆ ಒಂದೆಡೆ ಕೂಡುವ ನಿಯಮ.

ರಾಜಘಟ್ಟದ ಪುಟ್ಟ ಸ್ತೂಪಗಳನ್ನು ಕಂಡವರಿಗೆ ಈ ಮಾತು ಇನ್ನಷ್ಟು ತಟ್ಟಬಹುದು. ಅವುಗಳಲ್ಲಿ ಯಾವ ಒಂದೂ ಕಲೆಯ ಮಹಾಕೃತಿಯಲ್ಲ. ಒಂದನ್ನೇ ಬಿಡಿಯಾಗಿ ಕಂಡರೆ ಮಗುವಿನ ಆಟಿಕೆಯೆನ್ನಬಹುದು. ರಾಶಿಯಾಗಿ ಕಂಡಾಗಲೇ ಅಷ್ಟು ಕೈಗಳು, ಅಷ್ಟು ದಿನಗಳು, ಅದೇ ನೆಲೆಗೆ ನಡೆದುಬಂದುದು ಮನಸ್ಸಿಗೆ ಬರುವುದು. ಧಾರಾವಾಹಿಯ ಒಂದು ಕಂತೂ ಅಷ್ಟೆ. ಹಾಗೆ ದಿನವೂ ಬಂದು ಕೂತವರ ಹೆಸರು ಯಾವ ಗ್ರಂಥದಲ್ಲಿಯೂ ಇರದು. ಅವರನ್ನು ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಇಂದು ಇನ್ನೂ ಕಾಲವಿದೆ. ಹೇಳುವವರು ಇದ್ದಾರೆ, ನೆನಪು ಚುರುಕಾಗಿದೆ.

ರಾಜಘಟ್ಟಕ್ಕೆ ಹೋಗಬಯಸುವವರು ಘಾಟಿ ಸುಬ್ರಹ್ಮಣ್ಯದ ದರ್ಶನವನ್ನೂ ಜೊತೆಗಿರಿಸಿಕೊಂಡರೆ ಒಂದು ದಿನದ ಪ್ರವಾಸ ಸಾರ್ಥಕವಾದೀತು. ಡಿಸೆಂಬರ್–ಜನವರಿಯಲ್ಲಿ ಘಾಟಿಯ ದನಗಳ ಜಾತ್ರೆಯೂ ಸೇರುವುದರಿಂದ ಆ ದಿನಗಳು ಇನ್ನೂ ಚೆನ್ನು. ಚೈತ್ಯದ ನೆಲೆಯಲ್ಲಿ ಎದ್ದು ನಿಂತ ಕಟ್ಟಡವನ್ನು ಅರಸಬಾರದು. ಮಣ್ಣನ್ನು ಓದುವ ತಾಳ್ಮೆಯಿದ್ದವರಿಗೆ ಮಾತ್ರ ಅದು ತನ್ನ ಕಥೆ ಹೇಳೀತು. ಮರಳುವ ಅವಸರವಿಲ್ಲದಿದ್ದರೆ ಸಂಜೆಯ ಹಾಲಿನ ಹೊತ್ತಿನವರೆಗೆ ಹಳ್ಳಿಯಲ್ಲಿ ತಂಗುವುದು ಒಳಿತು. ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರ ಸಾಲಿನಲ್ಲಿ, ಹಾಲಿನ ಅಳತೆಯಾಗುವ ನಡುವೆ, ‘ನೆನ್ನೆ ನಮ್ಮನೇಲಿ ಕರೆಂಟೇ ಇರ್ಲಿಲ್ಲ ಕಣಕ್ಕ, ಆಮೇಲೇನಾಯ್ತು?’ ಎಂದು ಒಬ್ಬಾಕೆ ಇನ್ನೊಬ್ಬಾಕೆಯನ್ನು ಕೇಳುವ ಸಂಜೆಗಳು ಈ ಸೀಮೆಯಲ್ಲಿ ಇನ್ನೂ ಮುಗಿದಿಲ್ಲ. ಅಕ್ಕನೆನಿಸಿಕೊಂಡವಳು ಸೆರಗು ಸಿಕ್ಕಿಸಿ, ಕ್ಯಾನನ್ನು ಕೆಳಗಿಟ್ಟು, ಮೊದಲಿನಿಂದ ಹೇಳತೊಡಗುತ್ತಾಳೆ.